ಸಮುದ್ರದಲ್ಲಿ ಗಸ್ತು ಯಾರ ಕೆಲಸ?

ಕೊಪ್ಪಳದ ಮೈದಾನದಲ್ಲಿ ಬೆಳಗಿನ ಜಾವ ಓಡುವ ಹುಡುಗರಲ್ಲಿ ನೌಕಾಪಡೆಯ ಅಗ್ನಿವೀರ ಭರ್ತಿಗೆ ತಯಾರಾಗುವವರೂ ಇದ್ದಾರೆ. ಸಮುದ್ರ ಕಂಡವರು ಕಡಿಮೆ. ಅವರಿಗೆ ನೀರೆಂದರೆ ಮುನಿರಾಬಾದ್ ಡ್ಯಾಮಿನ ಹಿನ್ನೀರು, ಅದರ ಮೇಲೆ ತೇಲುವ ದುಂಡನೆಯ ಪುಟ್ಟಿ ದೋಣಿಗಳು. ಮೊನ್ನೆ ಒಬ್ಬ ಕೇಳಿದ: "ಸರ್, ಸಮುದ್ರದಾಗ ಗಸ್ತು ತಿರುಗೋರು ಯಾರ‍್ರೀ? ನೇವಿನೋ, ಕೋಸ್ಟ್ ಗಾರ್ಡೋ, ಪೊಲೀಸರೋ?"

ಮೂವರೂ. ಯಾಕೆ ಮೂವರು ಅನ್ನೋದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸ್ವತಂತ್ರ ಭಾರತ ತಾನೇ ಕಟ್ಟಿದ ಮೊದಲ ಯುದ್ಧನೌಕೆ ಒಂದು ಸಣ್ಣ ಗಸ್ತು ಹಡಗು. ಹೆಸರು ಐಎನ್‌ಎಸ್ ಅಜಯ್, 1961ರಲ್ಲಿ ಕೋಲ್ಕತ್ತಾದ ಗಾರ್ಡನ್ ರೀಚ್‌ನಲ್ಲಿ ತಯಾರಾಯಿತು. ಆಮೇಲೆ ಚಿನ್ನದ ಕಳ್ಳಸಾಗಣೆ ಜಾಸ್ತಿಯಾಯಿತು. 1976ರ ಕಾನೂನು ತೀರದಿಂದ 200 ನಾಟಿಕಲ್ ಮೈಲಿ, ಅಂದರೆ ಸುಮಾರು 370 ಕಿಲೋಮೀಟರ್‌ವರೆಗಿನ ಸಮುದ್ರದ ಸಂಪತ್ತು ನಮ್ಮದೆಂದಿತು. ಅಷ್ಟು ದೂರ ಕಾಯೋರು ಬೇಕಲ್ವಾ? ಸರ್ಕಾರ ನೇಮಿಸಿದ್ದ ರುಸ್ತಮ್‌ಜಿ ಸಮಿತಿಯ ಸಲಹೆಯಂತೆ 1977ರಲ್ಲಿ ಕೋಸ್ಟ್ ಗಾರ್ಡ್ ಶುರುವಾಯಿತು. ಕೈಯಲ್ಲಿ ಇದ್ದದ್ದು ನೌಕಾಪಡೆ ಕೊಟ್ಟ 2 ಹಳೆಯ ಫ್ರಿಗೇಟ್ (ಮಧ್ಯಮ ಗಾತ್ರದ ಯುದ್ಧನೌಕೆ), 5 ಗಸ್ತು ದೋಣಿ.

1993ರಲ್ಲಿ ಮುಂಬೈ ಸ್ಫೋಟಕ್ಕೆ ಬಳಸಿದ ಆರ್‌ಡಿಎಕ್ಸ್ ಸ್ಫೋಟಕ ರಾಯಗಡದ ಕರಾವಳಿಯಲ್ಲಿ ಇಳಿದಿತ್ತು. ಮಹಾರಾಷ್ಟ್ರ, ಗುಜರಾತ್ ತೀರದಲ್ಲಿ ಜಂಟಿ ಗಸ್ತು ಆರಂಭವಾಯಿತು. ಉಳಿದ ತೀರಕ್ಕೆ ಅಷ್ಟು ಬಿಗಿ ಬರಲಿಲ್ಲ.

2008ರ ನವೆಂಬರ್ 26ರ ದಾಳಿಗೆ ಬಂದ ಹತ್ತು ಜನ ಕುಬೇರ ಎಂಬ ಮೀನುಗಾರಿಕಾ ದೋಣಿ ವಶಮಾಡಿಕೊಂಡು ಮುಂಬೈ ಹತ್ತಿರಕ್ಕೆ ಬಂದರು. ಕೊನೆಗೆ ರಬ್ಬರ್ ದೋಣಿಯಲ್ಲಿ ಕೊಲಾಬಾಕ್ಕೆ ಇಳಿದರು. ಕುಬೇರ ನೋಡಲು ಉಳಿದ ಸಾವಿರಾರು ದೋಣಿಗಳ ಹಾಗೇ ಇತ್ತು. ದೊಡ್ಡ ಯುದ್ಧನೌಕೆಗಳು ಅಂಥದ್ದನ್ನು ತಡೆಯುವುದಕ್ಕೆ ಇರೋದಲ್ಲ. ಹತ್ತಿರ ಹೋಗಿ, ಪಕ್ಕಕ್ಕೆ ನಿಂತು, ಕಾಗದ ಪತ್ರ ಕೇಳಬಲ್ಲ ಸಣ್ಣ ಹಡಗು ಬೇಕು.

2009ರಲ್ಲಿ ಕೆಲಸ ಹಂಚಲಾಯಿತು. ದಡದ ಹತ್ತಿರದ ಆಳ ಕಡಿಮೆ ಇರುವ ನೀರಿನಲ್ಲಿ ಕರಾವಳಿ ಪೊಲೀಸರು. 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್‌ವರೆಗಿನ ಭದ್ರತೆ ಕೋಸ್ಟ್ ಗಾರ್ಡ್ ಹೊಣೆ. ಒಟ್ಟು ಜವಾಬ್ದಾರಿ ನೌಕಾಪಡೆಯದು. ನೌಕಾನೆಲೆ, ಬಂದರು ಕಾಯಲು 80 ವೇಗದ ದೋಣಿ, 1,000 ಸಿಬ್ಬಂದಿಯ ಸಾಗರ ಪ್ರಹರಿ ಬಲ ಕಟ್ಟಿದರು.

ಅದೇ ವರ್ಷ ಕಾರ್ ನಿಕೋಬಾರ್ ಮಾದರಿಯ ಗಸ್ತು ಹಡಗುಗಳು ನೌಕಾಪಡೆಯ ಸೇವೆಗೆ ಬರತೊಡಗಿದವು. ನನಗೆ ಇವು ಬಹಳ ಇಷ್ಟ. ಉದ್ದ ಸುಮಾರು 49 ಮೀಟರ್, ರಾಯಚೂರು ಸ್ಟೇಷನ್ನಿನಲ್ಲಿ ನಿಲ್ಲುವ ರೈಲಿನ ಎರಡು ಬೋಗಿಯಷ್ಟು. ಹಿಂದೆ ತಿರುಗುವ ಫ್ಯಾನಿನಂಥ ಪ್ರೊಪೆಲ್ಲರ್ ಇಲ್ಲ. ನೀರನ್ನು ಒಳಗೆಳೆದು ಜೋರಾಗಿ ಹಿಂದಕ್ಕೆ ಚಿಮ್ಮಿಸಿಯೇ ಮುಂದೆ ನುಗ್ಗುತ್ತದೆ. ಹಾಗಾಗಿ ಆಳ ಕಡಿಮೆ ಇರುವಲ್ಲೂ ಹೋಗಬಲ್ಲದು. ಗಂಟೆಗೆ 60 ಕಿಲೋಮೀಟರಿಗೂ ಜಾಸ್ತಿ ವೇಗ. ಮುಂದೊಂದು 30 ಮಿಲಿಮೀಟರ್ ತೋಪು. ಕಳ್ಳಸಾಗಣೆ, ಕಳ್ಳ ಮೀನುಗಾರಿಕೆ ತಡೆಯೋದು, ಮುಳುಗುವವರನ್ನು ಎತ್ತೋದು ಇದರ ದಿನದ ಕೆಲಸ. ಈ ಸಾಲಿನ ಮುಂದುವರಿಕೆಯಾದ ಐಎನ್‌ಎಸ್ ತಿಲ್ಲಾಂಚಾಂಗ್ 2017ರಲ್ಲಿ ನಮ್ಮ ಕಾರವಾರದಲ್ಲೇ ಸೇವೆಗೆ ಸೇರಿತು. ಅದರ ಸೋದರ ಹಡಗು ತರ್ಮುಗ್ಲಿಯನ್ನು 2023ರಲ್ಲಿ ಮಾಲ್ಡೀವ್ಸ್‌ಗೆ ಕೊಡಲಾಯಿತು.

 

ಏಟು ಬಿದ್ದಾಗಲೆಲ್ಲ ಒಂದೊಂದು ಪದರ ಸೇರಿಸುತ್ತಾ ಬಂದಿದ್ದೇವೆ. ಅದಕ್ಕೇ ಗೊಂದಲ. ಈಗಲೂ ಕಷ್ಟ ಇರೋದು ಸಣ್ಣ ದೋಣಿಗಳಲ್ಲಿ. ದೋಣಿ ಎಲ್ಲಿದೆಯೆಂದು ತಾನೇ ತಿಳಿಸುವ ಯಂತ್ರ ಬಹಳ ಕಾಲ 20 ಮೀಟರಿಗಿಂತ ಉದ್ದದ ದೋಣಿಗಷ್ಟೇ ಕಡ್ಡಾಯವಾಗಿತ್ತು. ಉಳಿದವುಗಳ ಬಗ್ಗೆ ಮೀನುಗಾರರನ್ನೇ ಮಾತಾಡಿಸಬೇಕು. ಕರ್ನಾಟಕದ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ತೀರದಲ್ಲಿ ಅವರ ಮಾತು ಕನ್ನಡ, ತುಳು, ಕೊಂಕಣಿ.

ಇದನ್ನೇ ಆ ಹುಡುಗನಿಗೆ ಹೇಳಿದೆ. ಹೊನ್ನಾವರದ ಆಚೆ ನಡುರಾತ್ರಿ ದೋಣಿ ನಿಲ್ಲಿಸಿ, "ಅಣ್ಣಾ, ಹೊಸಬರು ಯಾರಾದ್ರೂ ಕಂಡ್ರಾ?" ಅಂತ ಕೇಳಬಲ್ಲವನು ಗಸ್ತು ಹಡಗಿನಲ್ಲಿ ಒಬ್ಬನಾದರೂ ಇರಬೇಕು. ಹುಡುಗ ತಲೆಯಾಡಿಸಿ ಮತ್ತೆ ಓಡೋಕೆ ಹೋದ.