ಅಲಸಂದೆ ಡಬ್ಬಿಯಲ್ಲಿ ಇರುವೆಗಳ ಊಟ

ಇರುವೆ ಸಾಕುವವರಿಗೆ ಇರುವೆಗಳಿಂದ ಆಗುವ ತೊಂದರೆ ಕಡಿಮೆ. ಮುಂಗಾರಿನ ಮಳೆಯ ನಂತರ ರೆಕ್ಕೆ ಕಳಚಿ ನೆಲದ ಮೇಲೆ ಓಡಾಡುವ ಗೊದ್ದದ ರಾಣಿಯನ್ನು ಗಾಜಿನ ಪ್ರನಾಳದೊಳಗೆ ಬಿಟ್ಟು, ಹಿಂಬದಿಯಲ್ಲಿ ಒಂದಿಷ್ಟು ನೀರನ್ನು ಹತ್ತಿಯಿಂದ ತಡೆದು, ಕತ್ತಲಲ್ಲಿ ಇಟ್ಟರೆ ಸಾಕು. ಅದು ತನ್ನ ಹಾರಾಟದ ಸ್ನಾಯುಗಳನ್ನೂ ಒಡಲ ಕೊಬ್ಬನ್ನೂ ಕರಗಿಸಿಕೊಂಡು, ಹೊರಗಿನ ಒಂದು ತುತ್ತೂ ಇಲ್ಲದೆ ಮೊದಲ ತಂಡದ ಕೆಲಸಗಾರ್ತಿಯರನ್ನು ಬೆಳೆಸುತ್ತದೆ. ಕಷ್ಟ ಶುರುವಾಗುವುದು ಆ ಕೆಲಸಗಾರ್ತಿಯರು ಹೊರಬಂದ ಮೇಲೆ. ಆಗ ಗೂಡಿಗೆ ಸಕ್ಕರೆ ನೀರಿನ ಜೊತೆಗೆ ಕೀಟಗಳೂ ಬೇಕು. ಕೀಟಗಳನ್ನು ಬೆಳೆಸಲು ಹೊರಟವರು ಎಷ್ಟೋ ಬಾರಿ ಇರುವೆಗಳಿಗಿಂತ ಅವುಗಳ ಆಹಾರದ ಆರೈಕೆಯಲ್ಲಿಯೇ ಹೆಚ್ಚು ಹೊತ್ತು ಕಳೆಯುತ್ತಾರೆ. ಈ ಹೊರೆಯನ್ನು ಬಹುಮಟ್ಟಿಗೆ ಇಳಿಸಬಲ್ಲ ಕೀಟವೊಂದು ನಮ್ಮ ಅಡುಗೆಮನೆಗಳಿಗೆ ಬಹಳ ಹಳೆಯ ಪರಿಚಯ.

ಅದರ ವಿಷಯಕ್ಕೆ ಬರುವ ಮೊದಲು, ಗೂಡಿನಲ್ಲಿ ಕೀಟವನ್ನು ನಿಜವಾಗಿ ತಿನ್ನುವವರು ಯಾರು ಎಂಬುದನ್ನು ನೋಡಬೇಕು. ಬೆಳೆದ ಇರುವೆ ಘನ ಆಹಾರವನ್ನು ನುಂಗಲಾರದು. ಅದರ ಬಾಯಿಯೊಳಗಿನ ಸಣ್ಣ ಚೀಲವೊಂದು ಕಣಗಳನ್ನು ಸೋಸಿ ತಡೆದು, ದ್ರವವನ್ನಷ್ಟೇ ಒಳಗೆ ಬಿಡುತ್ತದೆ. ಆ ದ್ರವವೂ ಎಳೆಯಷ್ಟು ಸಪೂರವಾದ ಸೊಂಟವನ್ನು ದಾಟಿ ಹೊಟ್ಟೆ ಸೇರಬೇಕು. ಮಾಂಸವನ್ನು ಅರಗಿಸುವ ಕೆಲಸ ಮರಿಹುಳುಗಳದ್ದು. ದಕ್ಷಿಣ ಅಮೆರಿಕ ಮೂಲದ ಕೆಂಪು ಬೆಂಕಿ ಇರುವೆಯಲ್ಲಿ ಇದು ಬಹಳ ಸ್ಪಷ್ಟವಾಗಿ ಕಾಣುತ್ತದೆ: ಕೆಲಸಗಾರ್ತಿಯರು ಕೀಟದ ತುಣುಕನ್ನು ತಂದು ಕೊನೆಯ ಹಂತದ ಮರಿಹುಳುವಿನ ಬಾಯಿಯ ಬಳಿ ಇಡುತ್ತಾರೆ, ಮರಿಹುಳು ಅದರ ಮೇಲೆ ಜೀರ್ಣರಸ ಸುರಿಸಿ ಕರಗಿಸುತ್ತದೆ, ಕರಗಿದ್ದರಲ್ಲಿ ಒಂದು ಪಾಲು ಮತ್ತೆ ದೊಡ್ಡವರ ಬಾಯಿಗೆ ಬಂದು ಗೂಡಿನಲ್ಲೆಲ್ಲ ಹಂಚಿಹೋಗುತ್ತದೆ. ಆದ್ದರಿಂದ ಗೂಡಿಗೆ ಎಷ್ಟು ಕೀಟ ಬೇಕೆಂಬುದನ್ನು ಅಲ್ಲಿರುವ ಮರಿಹುಳುಗಳ ಸಂಖ್ಯೆ ನಿರ್ಧರಿಸುತ್ತದೆ. ಮರಿಹುಳುಗಳಿಲ್ಲದ ದಿನಗಳಲ್ಲಿ ಕೀಟಗಳನ್ನು ಸುರಿಯುವುದು ವ್ಯರ್ಥ ಮಾತ್ರವಲ್ಲ, ಹಾನಿಕರವೂ ಹೌದು. ಆಡ್ರೆ ದುಸುತೂರ್ ಮತ್ತು ಸ್ಟೀಫನ್ ಸಿಂಪ್ಸನ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಕ್ಕರೆಗೆ ಹೋಲಿಸಿದರೆ ಪ್ರೋಟೀನು ತೀರಾ ಹೆಚ್ಚಾಗಿದ್ದ ಆಹಾರ ತಿಂದ ಕಪ್ಪು ತೋಟದಿರುವೆಗಳು ಬೇಗ ಸತ್ತವು, ಗೂಡುಗಳೇ ಕುಸಿದವು.

ನಮ್ಮ ಗೊದ್ದಕ್ಕಂತೂ ಕೀಟದ ಅಗತ್ಯ ಇನ್ನೂ ಕಡಿಮೆ. ಅದು ಸೇರಿರುವ ಕ್ಯಾಂಪೊನೋಟಸ್ ಕುಲದ ಇರುವೆಗಳ ಕರುಳಿನ ಜೀವಕೋಶಗಳಲ್ಲಿ ಬ್ಲಾಕ್‌ಮೇನಿಯಾ ಎಂಬ ಬ್ಯಾಕ್ಟೀರಿಯಾ ನೆಲೆಸಿದ್ದು, ಅಗತ್ಯ ಅಮೈನೋ ಆಮ್ಲಗಳನ್ನು ತಯಾರಿಸಿ ಕೊಡುತ್ತದೆ. ಇಪ್ಪತ್ತು ಮೂವತ್ತು ಕೆಲಸಗಾರ್ತಿಯರಿರುವ ಗೂಡಿಗೆ ವಾರದಲ್ಲಿ ಎರಡು ಬಾರಿ ಕೆಲವು ಸಣ್ಣ ಕೀಟಗಳನ್ನು ಕೊಟ್ಟರೆ ಸಾಕಾಗುತ್ತದೆ. ಇಷ್ಟು ಸಣ್ಣ ಅಗತ್ಯಕ್ಕೆ ದೊಡ್ಡ ಕೀಟಸಾಕಣೆ ಏಕೆ ಬೇಕು?

ಹೆಚ್ಚಿನವರು ಮೊದಲು ಕೈಹಾಕುವುದು ಹಣ್ಣಿನ ನೊಣಕ್ಕೆ. ತಳಿವಿಜ್ಞಾನದ ಪ್ರಯೋಗಾಲಯಗಳಿಂದ ಬಂದ, ಹಾರಲಾರದ ಮೋಟುರೆಕ್ಕೆಯ ತಳಿಗಳು ಇದಕ್ಕೆ ಬಳಕೆಯಲ್ಲಿವೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತೇ ದಿನಗಳಲ್ಲಿ ಒಂದು ಪೀಳಿಗೆ ಮುಗಿಯುತ್ತದೆ, ನೊಣಗಳು ಮೆತ್ತಗಿರುವುದರಿಂದ ಅತಿ ಚಿಕ್ಕ ಗೂಡೂ ಅವನ್ನು ಸುಲಭವಾಗಿ ಬಳಸಿಕೊಳ್ಳುತ್ತದೆ. ಆದರೆ ನೊಣಕ್ಕೆ ಹಸಿಯಾದ, ಹುಳಿಯುವ ಆಹಾರ ಬೇಕು. ಹಸಿ ಇದ್ದಲ್ಲಿ ಬೂಷ್ಟು ಬರುತ್ತದೆ, ನುಸಿಗಳು ಸೇರಿಕೊಳ್ಳುತ್ತವೆ, ಎರಡು ಮೂರು ವಾರಕ್ಕೊಮ್ಮೆ ಹೊಸ ಸೀಸೆಗೆ ಬದಲಿಸಲೇಬೇಕು. ಮೋಟುರೆಕ್ಕೆಯು ಅಪ್ರಭಾವಿ ಗುಣ, ಅಂದರೆ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ತೋರುವ ಗುಣವಾದುದರಿಂದ ಮನೆಯ ಬಾಳೆಹಣ್ಣಿನ ಮೇಲಿನ ಒಂದೇ ಕಾಡುನೊಣ ಸೀಸೆಯೊಳಗೆ ನುಸುಳಿದರೂ ಅದರ ಮರಿಗಳೆಲ್ಲ ಹಾರಬಲ್ಲವು. ನಮ್ಮ ಬೇಸಿಗೆಯಲ್ಲಿ ಇನ್ನೊಂದು ತೊಡಕು: ಸುಮಾರು 30 ಡಿಗ್ರಿಯಲ್ಲಿ ಬೆಳೆದ ಗಂಡುನೊಣಗಳು ಬಂಜೆಯಾಗುತ್ತವೆ, ಸಂತತಿ ಅಲ್ಲಿಗೇ ನಿಲ್ಲುತ್ತದೆ. ಗೋಧಿ ಬೂಸಾದಲ್ಲಿ ಬೆಳೆಯುವ ಮೀಲ್‌ವರ್ಮ್ ಎಂಬ ದುಂಬಿಯ ಮರಿಹುಳು ಇದಕ್ಕಿಂತ ಎಷ್ಟೋ ಸುಲಭ, ಆದರೆ ಮೊಟ್ಟೆ ದುಂಬಿಯಾಗಲು ತಿಂಗಳುಗಳೇ ಹಿಡಿಯುತ್ತವೆ, ತೇವಕ್ಕೆಂದು ಆಗಾಗ ಗಜ್ಜರಿಯ ಹೋಳು ಹಾಕುತ್ತಿರಬೇಕು.

ಹಸಿಯೇ ಬೇಡದ, ತನ್ನ ಆಹಾರವೇ ತನಗೆ ಮನೆಯೂ ಆಗಿರುವ ಕೀಟ ಸಿಕ್ಕರೆ ಈ ರಗಳೆಯ ಬಹುಪಾಲು ಇಲ್ಲವಾಗುತ್ತದೆ. ಹಳೆಯ ಅಲಸಂದೆ ಡಬ್ಬಿಯ ಮುಚ್ಚಳ ತೆಗೆದಾಗ ಕಾಳಿನಲ್ಲಿ ದುಂಡನೆಯ ತೂತು ಕೊರೆದು ಓಡಾಡುವ ಕಂದು ಬಣ್ಣದ ಪುಟ್ಟ ದುಂಬಿಯೇ ಆ ಕೀಟ. ವಿಜ್ಞಾನಿಗಳು ಇದನ್ನು ಕ್ಯಾಲೊಸೊಬ್ರುಕಸ್ ಮ್ಯಾಕ್ಯುಲೇಟಸ್ ಎಂದು ಕರೆಯುತ್ತಾರೆ. ಬೆಳೆದ ದುಂಬಿಗೆ ಊಟವೂ ಬೇಡ, ನೀರೂ ಬೇಡ. ಒಂದೆರಡು ವಾರದ ಆಯುಸ್ಸನ್ನು ಅದು ಮರಿಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನ ಮೇಲೆಯೇ ಕಳೆಯುತ್ತದೆ. ಮರಿಹುಳುವೂ ನೀರು ಕುಡಿಯುವುದಿಲ್ಲ. ಒಣಕಾಳಿನಲ್ಲಿರುವ ಅಲ್ಪ ತೇವ ಮತ್ತು ಪಿಷ್ಟ ದೇಹದಲ್ಲಿ ಉರಿದಾಗ ಹುಟ್ಟುವ ನೀರು ಅದಕ್ಕೆ ಸಾಕು.

ಒಂದು ಕಾಳನ್ನು ಕೈಗೆತ್ತಿಕೊಂಡು ಭೂತಗನ್ನಡಿಯಲ್ಲಿ ನೋಡಿ. ಸಿಪ್ಪೆಯ ಮೇಲೆ ಅಂಡಾಕಾರದ, ಹೊಳೆಯುವ, ಬಹುತೇಕ ಪಾರದರ್ಶಕವಾದ ಚುಕ್ಕೆಯೊಂದು ಅಂಟಿಕೊಂಡಿರುತ್ತದೆ, ಅದು ಮೊಟ್ಟೆ. ಕೆಲವು ದಿನಗಳ ನಂತರ ಅದೇ ಚುಕ್ಕೆ ಬೆಳ್ಳಗಾಗುತ್ತದೆ. ಮರಿಹುಳು ಹೊರಗೆ ಬರದೆ ಮೊಟ್ಟೆಯ ತಳದಿಂದಲೇ ನೇರವಾಗಿ ಕಾಳಿನೊಳಗೆ ಕೊರೆದು ಇಳಿಯುವಾಗ, ಕೊರೆದ ಪುಡಿ ಹಿಂದಿನ ಖಾಲಿ ಚಿಪ್ಪಿನಲ್ಲಿ ತುಂಬಿಕೊಳ್ಳುವುದರಿಂದ ಬಂದ ಬಿಳುಪು ಅದು. ಆಮೇಲೆ ಬಹಳ ದಿನ ಹೊರಗಿನಿಂದ ಏನೂ ಕಾಣುವುದಿಲ್ಲ. ಕೊನೆಗೆ ಸಿಪ್ಪೆಯ ಕೆಳಗೆ ಮಬ್ಬಾದ ದುಂಡನೆಯ ಕಿಟಕಿಯೊಂದು ಮೂಡುತ್ತದೆ. ಅದರ ಹಿಂದೆ ಕೋಶಾವಸ್ಥೆ ಮುಗಿಸುತ್ತಿರುವ ದುಂಬಿ ಇರುತ್ತದೆ. ಸುಮಾರು 30 ಡಿಗ್ರಿಯಲ್ಲಿ ಮೊಟ್ಟೆಯಿಂದ ದುಂಬಿಯವರೆಗೆ ಮೂರು ನಾಲ್ಕು ವಾರ. ತಂಪಿನ ದಿನಗಳಲ್ಲಿ ಇನ್ನೂ ನಿಧಾನ. ಹೆಣ್ಣು ದುಂಬಿ ತನ್ನ ಮೊಟ್ಟೆಗಳನ್ನು ಒಂದೇ ಕಾಳಿನ ಮೇಲೆ ಗುಡ್ಡೆ ಹಾಕುವುದಿಲ್ಲ. ಈಗಾಗಲೇ ಮೊಟ್ಟೆಯಿರುವ ಕಾಳನ್ನು ಗುರುತಿಸಿ, ಸಾಧ್ಯವಾದಷ್ಟೂ ಖಾಲಿ ಕಾಳನ್ನು ಆರಿಸುತ್ತದೆ. ಸಾಕುವವರು ಮಾಡಬೇಕಿದ್ದ ಹಂಚಿಕೆಯ ಕೆಲಸವನ್ನು ಹೀಗೆ ಅದೇ ಮಾಡಿ ಮುಗಿಸುತ್ತದೆ.

ವ್ಯವಸ್ಥೆ ಸರಳ. ಅಗಲ ಬಾಯಿಯ ಸೀಸೆಯಲ್ಲಿ ಕಾಲು ಕಿಲೋ ಇಡೀ ಅಲಸಂದೆ ಅಥವಾ ಹೆಸರುಕಾಳು ಹಾಕಿ, ಮೂವತ್ತು ನಲವತ್ತು ದುಂಬಿಗಳನ್ನು ಬಿಟ್ಟು, ಒತ್ತು ನೇಯ್ಗೆಯ ಬಟ್ಟೆಯನ್ನು ಬಾಯಿಗೆ ಬಿಗಿಯಾಗಿ ಕಟ್ಟಬೇಕು. ರಾಜ್ಮಾ ಬಳಸಬಾರದು, ಅದರಲ್ಲಿ ಪಿಷ್ಟದ ಜೀರ್ಣಕ್ರಿಯೆಯನ್ನು ತಡೆಯುವ ಪ್ರೋಟೀನು ಇರುವುದರಿಂದ ಈ ಮರಿಹುಳುಗಳು ಅಲ್ಲಿ ಬದುಕುವುದಿಲ್ಲ. ಬಿತ್ತನೆಗೆಂದು ಔಷಧಿ ಸವರಿದ ಬೀಜವಂತೂ ಖಂಡಿತ ಬೇಡ. ಗಾಳಿಯಾಡದ ಮುಚ್ಚಳವೂ ಸಲ್ಲದು, ಏಕೆಂದರೆ ಹುಳುಗಳ ಉಸಿರಾಟದಿಂದಲೇ ಕಾಳು ಬಿಸಿಯಾಗಿ, ತೇವಗೊಂಡು, ಬೂಷ್ಟು ಹಿಡಿಯುತ್ತದೆ. ಗಮನಿಸಬೇಕಾದ ಮತ್ತೊಂದು ಸಂಗತಿ ಬಹಳ ಸ್ವಾರಸ್ಯಕರ: ಈ ದುಂಬಿಯಲ್ಲಿ ಎರಡು ರೂಪಗಳಿವೆ. ಸ್ಥಳ ಸಾಕಷ್ಟಿರುವಾಗ ಹುಟ್ಟುವವು ಸಾಮಾನ್ಯವಾಗಿ ಹಾರುವ ಗೋಜಿಗೆ ಹೋಗದೆ ಬೇಗ ಮೊಟ್ಟೆಯಿಡುತ್ತವೆ. ದಟ್ಟಣೆಯೂ ಸೆಕೆಯೂ ಹೆಚ್ಚಿದರೆ, ಚೆನ್ನಾಗಿ ಹಾರಬಲ್ಲ, ಮೊಟ್ಟೆ ಕಡಿಮೆಯಿಡುವ ಪೀಳಿಗೆ ಹುಟ್ಟುತ್ತದೆ. ಸೀಸೆಯಲ್ಲಿ ಹಾರಾಟ ಕಂಡರೆ ಹೊಸ ಕಾಳಿಗೆ ಬದಲಿಸುವ ಹೊತ್ತು ಮೀರಿದೆ ಎಂದೇ ತಿಳಿಯಬೇಕು. ಎರಡು ವಾರದ ಅಂತರದಲ್ಲಿ ಎರಡು ಸೀಸೆ ಹೂಡಿದರೆ ಆಹಾರ ತಪ್ಪುವುದಿಲ್ಲ.

ಈ ದುಂಬಿಯ ಕೊರತೆಯೆಂದರೆ ಅದರ ಗಟ್ಟಿ ಬೆನ್ನು. ಚಿಕ್ಕ ಗೂಡಿನ ಇರುವೆಗಳಿಗೆ ಅದನ್ನು ಒಡೆಯಲಾಗುವುದಿಲ್ಲ. ದುಂಬಿಗಳನ್ನು ಜರಡಿಯಲ್ಲಿ ಬೇರ್ಪಡಿಸಿ, ಫ್ರೀಜರಿನಲ್ಲಿ ಒಂದು ದಿನ ಇಟ್ಟು, ಚಮಚದ ಹಿಂಬದಿಯಿಂದ ಒತ್ತಿ ಒಡೆದು ಕೊಡಬೇಕು. ತಿನ್ನದೆ ಉಳಿದದ್ದನ್ನು ಮರುದಿನ ತೆಗೆದುಬಿಡಬೇಕು. ಜರಡಿ ಹಿಡಿಯುವಾಗ ಏಳುವ ಧೂಳು ಕೆಲವರಿಗೆ ಅಲರ್ಜಿ ತರಬಹುದಾದುದರಿಂದ ಆ ಕೆಲಸವನ್ನು ಹೊರಗೆ ಮಾಡುವುದೇ ಲೇಸು. ಬೀದಿಯಲ್ಲಿ ಸಿಕ್ಕ ಸತ್ತ ನೊಣ, ಜಿರಲೆಗಳನ್ನು ಹಾಕುವುದಕ್ಕಿಂತ ಇದು ಎಷ್ಟೋ ಸುರಕ್ಷಿತ, ಏಕೆಂದರೆ ಅವು ಯಾವ ವಿಷದಿಂದ ಸತ್ತವೆಂದು ಹೇಳುವುದು ಅಸಾಧ್ಯ. ಕೀಟನಾಶಕದ ಅಲ್ಪ ಅಂಶವೂ ಇಡೀ ಗೂಡಿಗೆ ಬಾಯಿಂದ ಬಾಯಿಗೆ ಹಬ್ಬುತ್ತದೆ.

ಸೀಸೆಯನ್ನು ಅಡುಗೆಮನೆಯಿಂದ ದೂರವೇ ಇಡಬೇಕು. ತೊಗರಿಗೆ ಕೆಮ್ಮಣ್ಣು ಕಟ್ಟಿ, ಕಾಳಿಗೆ ಎಣ್ಣೆ ಸವರಿ ನಮ್ಮ ರೈತರು ತಲೆಮಾರುಗಳಿಂದ ತಡೆಯುತ್ತ ಬಂದಿರುವುದು ಈ ದುಂಬಿಯನ್ನೂ ಇದರ ಹತ್ತಿರದ ಬಂಧುಗಳನ್ನೂ. ತೂತು ಬಿದ್ದ ಹಳೆಯ ಕಾಳನ್ನು ಎಸೆಯುವ ಮುನ್ನ ಒಂದು ವಾರ ಫ್ರೀಜರಿನಲ್ಲಿಟ್ಟರೆ ಒಳಗೆ ಉಳಿದ ಮರಿಹುಳುಗಳು ಸಾಯುತ್ತವೆ. ಆಮೇಲೆ ಅದನ್ನು ಗೊಬ್ಬರದ ಗುಂಡಿಗೆ ಹಾಕಬಹುದು.