‘ರುಬಾರೆ’ಗೂ ಮಾಣಿಕ್ಯಕ್ಕೂ ಸಂಬಂಧವಿಲ್ಲ

ಇಟಾಲಿಯನ್ ಕಲಿಯುವವರು ‘ರುಬಾರೆ’ಗೆ, ಅಂದರೆ ‘ಕದಿ’ ಅನ್ನುವ ಕ್ರಿಯಾಪದಕ್ಕೆ, ಮಾಣಿಕ್ಯದ ಕತೆ ಕಟ್ಟುವುದನ್ನು ಬಿಡುವಂತೆ ಕಾಣುತ್ತಿಲ್ಲ. ಮೊನ್ನೆಯೂ ಒಬ್ಬರು ಬರೆದಿದ್ದರು: ಲ್ಯಾಟಿನ್‌ನಲ್ಲಿ ‘ರುಬೆರ್’ ಅಂದರೆ ಕೆಂಪು, ಅದರಿಂದ ಮಾಣಿಕ್ಯಕ್ಕೆ ‘ರುಬೀನೊ’, ಮಾಣಿಕ್ಯ ಕಂಡರೆ ಕದಿಯುವ ಮನಸ್ಸಾಗುತ್ತದೆ, ಆದ್ದರಿಂದ ‘ರುಬಾರೆ’. ಮೊದಲೆರಡು ಸರಿ. ಮೂರನೆಯದು ಅವರವರ ಮನಸ್ಸಿಗೆ ಬಿಟ್ಟದ್ದು. ಕೊನೆಯದು ಶುದ್ಧ ತಪ್ಪು.

ರುಬಾರೆ ಲ್ಯಾಟಿನ್ ಪದವೇ ಅಲ್ಲ. ಕದಿಯುವುದಕ್ಕೆ ಲ್ಯಾಟಿನ್‌ನಲ್ಲಿ ‘ಫುರಾರಿ’ ಇತ್ತು. ಅದರ ನೆಂಟ ‘ಫುರ್ತೊ’ (ಕಳವು) ಇಟಲಿಯ ದಂಡಸಂಹಿತೆಯ 624ನೇ ಕಲಮಿನಲ್ಲಿ ಇವತ್ತಿಗೂ ಕೂತಿದೆ. ಕಳ್ಳನಿಗೆ ಹೇಳುವ ‘ಲಾದ್ರೊ’ ಕೂಡ ಲ್ಯಾಟಿನ್ನೇ. ಈ ಕ್ರಿಯಾಪದ ಮಾತ್ರ ಹೊರಗಿನಿಂದ ಬಂದದ್ದು: ಉತ್ತರದಿಂದ ಇಟಲಿಗೆ ನುಗ್ಗಿದ ಜರ್ಮಾನಿಕ್ ಜನರ ‘ರೌಬೋನ್’. ಇಂಗ್ಲಿಷಿನ ‘ರಾಬ್’, ಜರ್ಮನ್ನಿನ ‘ರೌಬೆನ್’ ಅದೇ ಮನೆಯವು. ಯುದ್ಧಕ್ಕೆ ಇಟಾಲಿಯನ್ನರು ಹೇಳುವ ‘ಗ್ವೆರ್ರಾ’ ಕೂಡ ಅವರದ್ದೇ ಕೊಡುಗೆ. ಬಂದವರು ಏನು ಕೆಲಸಕ್ಕೆ ಬಂದಿದ್ದರು ಅಂತ ಬೇರೆ ಹೇಳಬೇಕೆ?

ಸ್ವಾರಸ್ಯ ಇರುವುದು ‘ರೌಬೋನ್’ನ ನಾಮಪದ ‘ರೌಬಾ’ದಲ್ಲಿ. ಅದು ಲೂಟಿಯ ಮಾಲು, ಅದರಲ್ಲೂ ಸೋತವನ ಮೈಮೇಲಿಂದ ಬಿಚ್ಚಿಕೊಂಡ ಬಟ್ಟೆ. ಫ್ರೆಂಚ್ ದಾರಿಯಲ್ಲಿ ಇಂಗ್ಲಿಷಿಗೆ ಹೋಗಿ ‘ರೋಬ್’ ಆದದ್ದು ಇದೇ. ಸ್ಪ್ಯಾನಿಷಿನಲ್ಲಂತೂ ‘ರೋಬಾರ್’ ಅಂದರೆ ಕದಿ, ‘ರೋಪಾ’ ಅಂದರೆ ಬಟ್ಟೆ. ಘಟಿಕೋತ್ಸವದ ಕರಿ ನಿಲುವಂಗಿಯ ಪೂರ್ವಜನ್ಮ ಲೂಟಿಯ ಗಂಟು! ಇಟಾಲಿಯನ್ನಿನ ‘ರೋಬಾ’ ಬಟ್ಟೆಯನ್ನೂ ದಾಟಿ ಸಾಮಾನು, ಸರಕು, ಯಾವುದಾದರೂ ಸರಿ ಅನ್ನುವಷ್ಟು ಸಡಿಲಾಗಿದೆ. ನಮಗೆ ಇದು ವಿಚಿತ್ರ ಅನ್ನಿಸಬೇಕಿಲ್ಲ. ಅಡಿಕೆ ಸುಲಿಯುತ್ತೇವೆ, ಅದೇ ‘ಸುಲಿ’ಯಿಂದ ‘ಸುಲಿಗೆ’.

ಇನ್ನೂ ಹಿಂದಕ್ಕೆ ಹೋದರೆ, ಒಡೆ, ಕಸಿ ಎಂಬರ್ಥದ ಸಂಸ್ಕೃತ ‘ಲುಪ್’ ಧಾತುವನ್ನೂ ಭಾಷಾಶಾಸ್ತ್ರಜ್ಞರು ಇದೇ ಬೇರಿಗೆ ಸೇರಿಸುತ್ತಾರೆ. ನಮ್ಮ ಲೋಪಸಂಧಿಯ ಲೋಪ ಅದರದ್ದೇ. ‘ಊರು’ ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವಾಗ ಮಾಯವಾಗುವ ಉಕಾರ ಇದೇ ಕುಟುಂಬದ ಕೈಚಳಕ.

ಬಳಕೆಯಲ್ಲೂ ಒಂದು ಎಡವಟ್ಟಿದೆ. ವಸ್ತುವಾದರೆ ರುಬಾರೆ, ಕಳೆದುಕೊಂಡವರಾದರೆ ‘ದೆರುಬಾರೆ’. ಪರ್ಸ್ ಹೋಯಿತೆಂದು ‘ಸೋನೊ ಸ್ತಾತೊ ರುಬಾತೊ’ ಅಂದರೆ ‘ನನ್ನನ್ನೇ ಕದ್ದುಬಿಟ್ಟರು’ ಅಂದಂತೆ. ‘ದೆರುಬಾತೊ’ ಅನ್ನಬೇಕು. ಚಾಕು ತೋರಿಸಿ ಕಿತ್ತುಕೊಂಡಿದ್ದರೆ ‘ರಪಿನಾತೊ’; ಅದು ಲ್ಯಾಟಿನ್ ಪದ, 628ನೇ ಕಲಮಿನ ಕೇಸು.