ಬೆಳೆ ರಕ್ಷಣೆಯ ಕೋವಿ ಇದೆ, ಮೊಲ ಹೊಡೆಯಬಹುದೇ?

ಪ್ರಶ್ನೆ: ಅಪ್ಪನ ಹೆಸರಲ್ಲಿ ಬೆಳೆ ರಕ್ಷಣೆಗೆಂದು ಕೊಟ್ಟ ಕೇಪಿನ ಕೋವಿ ಇದೆ. ತೋಟಕ್ಕೆ ಬರುವ ಮೊಲ ಹೊಡೆದರೆ ತಪ್ಪೇ?

ತಪ್ಪು. ಕೋವಿಯ ಲೈಸೆನ್ಸು ಬೇಟೆಯ ಲೈಸೆನ್ಸಲ್ಲ. ಎಷ್ಟು ಸಲ ಹೇಳಿದರೂ ಭತ್ತ ತೆನೆ ಕಟ್ಟುವ ಹೊತ್ತಿಗೆ ಇದೇ ಪ್ರಶ್ನೆ ತಿರುಗಿ ಬರುತ್ತದೆ.

ಈ ನಂಬಿಕೆ ಸುಮ್ಮನೆ ಹುಟ್ಟಿದ್ದೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೇ ಮೊದಲು ಸಣ್ಣ ಬೇಟೆಗೆ, ದೊಡ್ಡ ಬೇಟೆಗೆ ಬೇರೆ ಬೇರೆ ಲೈಸೆನ್ಸ್ ಇದ್ದವು. ಊರ ಹಿರಿಯರು "ನಾವು ಲೈಸೆನ್ಸಿನಲ್ಲೇ ಹೊಡೀತಿದ್ವಿ" ಅಂದರೆ ಸುಳ್ಳೇನಲ್ಲ. 1991ರ ತಿದ್ದುಪಡಿ ಅವನ್ನೆಲ್ಲ ಕಿತ್ತುಹಾಕಿತು. ಈಗ 1 ಮತ್ತು 2ನೇ ಷೆಡ್ಯೂಲಿನ ಪ್ರಾಣಿಗಳ ಬೇಟೆಯೇ ನಿಷಿದ್ಧ. ಮೊಲ, ಕಾಡುಹಂದಿ ಎರಡೂ ಆ ಪಟ್ಟಿಯಲ್ಲಿವೆ. ಬೇಟೆ ಅಂದರೆ ಈಡು ತಗುಲಿ ಬೀಳುವುದಷ್ಟೇ ಅಲ್ಲ. ಉರುಳು ಹಾಕುವುದು, ನಾಯಿ ಬಿಟ್ಟು ಅಟ್ಟುವುದು, ಗುರಿ ತಪ್ಪಿದ ಈಡು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

"ಮತ್ತೆ ಬೆಳೆ ರಕ್ಷಣೆಗೆ ಅಂತ ಕೋವಿ ಕೊಟ್ಟಿದ್ದೇಕೆ?" ಕೋವಿ ಇಟ್ಟುಕೊಳ್ಳಲು 1959ರ ಆಯುಧ ಕಾಯ್ದೆಯಡಿ ಜಿಲ್ಲಾಧಿಕಾರಿಯ ಅನುಮತಿ ಬೇಕು. ಪ್ರಾಣಿ ಹೊಡೆಯಲು ವನ್ಯಜೀವಿ ಕಾಯ್ದೆಯ 11ನೇ ಸೆಕ್ಷನ್ನಿನಡಿ ಅರಣ್ಯ ಇಲಾಖೆಯ ಅನುಮತಿ ಬೇಕು, ಅದೂ ಕಾರಣ ಸಹಿತ ಬರೆಹದಲ್ಲಿ. ಎರಡೂ ಕಾಗದ ಇದ್ದರೂ ಬಿದ್ದ ಪ್ರಾಣಿ ಸರ್ಕಾರದ ಸ್ವತ್ತು. ಮಾಂಸ ಹಂಚಿಕೊಂಡರೆ ಅದು ಇನ್ನೊಂದು ಕೇಸು. ಅನುಮತಿಯಿಲ್ಲದೆ ಕೊಂದರೆ ವಿನಾಯಿತಿ ಇರುವುದು ಪ್ರಾಣ ಉಳಿಸಿಕೊಳ್ಳಲು ಮಾತ್ರ, ಬಾಳೆಗೊನೆ ಉಳಿಸಿಕೊಳ್ಳಲು ಅಲ್ಲ. ಮೊಲ ಹೊಡೆದು ಸಿಕ್ಕಿಬಿದ್ದರೆ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಶಿಕ್ಷೆಯಾದರೆ ಕೋವಿಯ ಲೈಸೆನ್ಸೂ ರದ್ದಾಗಬಹುದು. ಹಾಗಾದರೆ 5 ವರ್ಷ ಮತ್ತೆ ಸಿಗುವುದಿಲ್ಲ.

ಕೊಡಗಿನ ಉದಾಹರಣೆ ಎತ್ತಬೇಡಿ. ಕೊಡವರಿಗೆ, ಅಲ್ಲಿನ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ 2029ರ ಅಕ್ಟೋಬರ್ 31ರವರೆಗೆ ಇರುವುದು ಕೋವಿಯ ಲೈಸೆನ್ಸಿನಿಂದ ವಿನಾಯಿತಿ. ಮೊಲಕ್ಕೂ ಅದಕ್ಕೂ ಸಂಬಂಧವಿಲ್ಲ. ನಳಿಗೆಯ ಒಳ ಅಳತೆ (ಬೋರು) 0.177 ಇಂಚು, ಈಡಿನ ಶಕ್ತಿ 20 ಜೂಲ್ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಡವೆನ್ನುವುದೂ ಹಾಗೆಯೇ.

ಮೊಲದ ಮಾತು ಅತ್ತ ಇರಲಿ, ಕೋವಿ ಅಪ್ಪನ ಹೆಸರಲ್ಲಿದೆ ಅಂದಿರಲ್ಲ, ನನಗೆ ಚಿಂತೆ ಅದರದ್ದೇ. ಅಪ್ಪನ ಲೈಸೆನ್ಸು ಮಗನಿಗೆ ತಾನಾಗಿ ಬರುವುದಿಲ್ಲ. ಅವರು ತೀರಿಕೊಂಡಿದ್ದರೆ ಕೋವಿಯನ್ನು ಅಟ್ಟದ ಮೇಲಿಡದೆ, ಕೂಡಲೇ ಠಾಣೆಗೋ ಲೈಸೆನ್ಸ್ ಇರುವ ಕೋವಿ ಅಂಗಡಿಗೋ ಒಪ್ಪಿಸಿ ರಸೀದಿ ಪಡೆಯಿರಿ. ಆಮೇಲೆ ವಾರಸುದಾರರಾಗಿ ಅರ್ಜಿ ಹಾಕಿ. ಅವರು ಬದುಕಿದ್ದರೆ, 70 ವರ್ಷ ತುಂಬಿದಾಗ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದಾಗ, ಯಾವುದು ಮೊದಲೋ ಆಗ, ನಿಮ್ಮ ಹೆಸರು ಸೂಚಿಸಬಹುದು. ನಿಮಗೆ 21 ತುಂಬಿರಬೇಕು. ಮನೆ ಅಭಯಾರಣ್ಯದಿಂದ 10 ಕಿ.ಮೀ. ಒಳಗಿದ್ದರೆ ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆಯೂ ಬೇಕು.